ಸೈನಿಕನ ಮನಸ್ಸನ್ನರಿತ ವೈದ್ಯ

1901-02ರಲ್ಲಿ ಇಂಗ್ಲಿಷ್ ವಿದ್ವಾಂಸನೊಬ್ಬನು ನೀಲಗಿರಿಯ ತೋಡರ ನಡುವೆ ಕೆಲಕಾಲವಿದ್ದು, ಅವರು ಪವಿತ್ರವೆಂದು ಸಾಕುವ ಎಮ್ಮೆಗಳು, ಹಾಲಿನ ಮನೆಯ ಮಡಿ, ನಂಟಿನ ಕಟ್ಟುಪಾಡು ಇವನ್ನೆಲ್ಲ ವಿಚಾರಿಸಿ ಬರೆದುಕೊಂಡನು. ಡಬ್ಲ್ಯು. ಎಚ್. ಆರ್. ರಿವರ್ಸ್ ಎಂಬ ಈತ ವೈದ್ಯನೂ ಹೌದು. ಪರರ ನಡೆನುಡಿಯನ್ನು ಹಳಿಯದೆ ಅದರ ಅರ್ಥವನ್ನು ಹುಡುಕುವ ಆ ಅಭ್ಯಾಸ, ಸುಮಾರು ಹದಿನೈದು ವರ್ಷಗಳ ತರುವಾಯ ಬೇರೊಂದು ಕುಲದ ನಡುವೆ ಆತನ ಉಪಯೋಗಕ್ಕೆ ಬಂದಿತು. ಆ ಕುಲವೆಂದರೆ ಸೈನ್ಯ.

ಮೊದಲನೆಯ ಮಹಾಯುದ್ಧದ ಕಂದಕಗಳಿಂದ ವಿಚಿತ್ರ ರೋಗಿಗಳು ಬರತೊಡಗಿದ್ದರು. ಮೈಮೇಲೆ ಗಾಯವಿಲ್ಲ, ಆದರೆ ಒಬ್ಬನಿಗೆ ಮಾತು ನಿಂತಿದೆ, ಮತ್ತೊಬ್ಬನಿಗೆ ಕಾಲು ಬಿದ್ದಿದೆ, ಇನ್ನೊಬ್ಬನಿಗೆ ನಿದ್ರೆಯೇ ಇಲ್ಲ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯನು ಇದನ್ನು 'ಶೆಲ್ ಶಾಕ್' ಎಂದು ಕರೆದು ಬರೆದನು. ಸಿಡಿಗುಂಡಿನ ಆಘಾತದಿಂದ ಮಿದುಳು ಅಲುಗಿರಬೇಕೆಂದು ಮೊದಲು ಊಹಿಸಿದರು. ಸಿಡಿತದ ಹತ್ತಿರ ಸುಳಿಯದವರಲ್ಲಿಯೂ ರೋಗ ಕಂಡಾಗ ಆ ಊಹೆ ನಿಲ್ಲಲಿಲ್ಲ. ದಂಡಿನ ಅನೇಕರ ಕಣ್ಣಿಗೆ ಇದು ಬರಿಯ ಹೇಡಿತನ. ಹೇಡಿತನ, ಪಲಾಯನ ಮೊದಲಾದ ತಪ್ಪುಗಳಿಗಾಗಿ ಗುಂಡಿಕ್ಕಿ ಕೊಂದ 306 ಮಂದಿಗೆ ಬ್ರಿಟನ್ ಕ್ಷಮೆ ನೀಡಿದ್ದು 2006ರಲ್ಲಿ.

1916ರಲ್ಲಿ ರಿವರ್ಸ್ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಎಂಬಲ್ಲಿದ್ದ ಸೇನಾಧಿಕಾರಿಗಳ ಆಸ್ಪತ್ರೆಗೆ ಬಂದನು. ಸಾಮಾನ್ಯ ಸಿಪಾಯಿಗಳಲ್ಲಿ ಮೂಕತನ, ಅಂಗಗಳ ಸ್ತಂಭನ ಹೆಚ್ಚು; ಅಧಿಕಾರಿಗಳಲ್ಲಿ ಕಳವಳ, ದುಃಸ್ವಪ್ನ ಹೆಚ್ಚು. ಇದೇಕೆ? ಅವರನ್ನು ಪಳಗಿಸಿದ ರೀತಿಯಲ್ಲಿ ಆತ ಉತ್ತರವನ್ನು ಹುಡುಕಿದನು. ಸಿಪಾಯಿಗೆ ಆಜ್ಞೆ ಪಾಲಿಸುವುದೇ ಶಿಕ್ಷಣ. ಅಧಿಕಾರಿಗಾದರೋ ಶಾಲೆಯ ದಿನಗಳಿಂದಲೇ ಭಯವನ್ನು ಮುಚ್ಚಿಡುವ ಪಾಠ. ಅದರ ಮೇಲೆ ಕೈಕೆಳಗಿನವರ ಪ್ರಾಣದ ಹೊಣೆ. ಹಗಲು ಅದುಮಿದ್ದು ರಾತ್ರಿ ಎದ್ದು ಬರುತ್ತಿತ್ತು.

'ಮರೆತುಬಿಡು' ಎಂಬುದು ಬಂಧುಗಳೂ ವೈದ್ಯರೂ ಹೇಳುತ್ತಿದ್ದ ಉಪದೇಶ. ಅದೇ ರೋಗವನ್ನು ಬೆಳೆಸುತ್ತದೆಂದು ರಿವರ್ಸ್ 1917ರ ಡಿಸೆಂಬರಿನಲ್ಲಿ ವೈದ್ಯರ ಸಭೆಯೊಂದರಲ್ಲಿ ವಾದಿಸಿದನು. ಆತ ಹೇಳಿದ ಒಂದು ಪ್ರಸಂಗ: ಅಧಿಕಾರಿಯೊಬ್ಬನು ಗೆಳೆಯನ ಛಿದ್ರಗೊಂಡ ದೇಹವನ್ನು ಕಂಡಿದ್ದ, ರಾತ್ರಿಯೆಲ್ಲ ಅದೇ ರೂಪ ಹತ್ತಿರ ಬರುವ ಕನಸು. ದೇಹ ಆ ಸ್ಥಿತಿಯಲ್ಲಿತ್ತೆಂದರೆ ಗೆಳೆಯ ಕ್ಷಣದಲ್ಲಿ ಸತ್ತಿರಬೇಕು, ನರಳಲಿಲ್ಲ ಎಂದು ರಿವರ್ಸ್ ತಿಳಿಸಿದನು. ರೋಗಿಯ ಮುಖ ಅರಳಿತು. ಕೆಲವು ರಾತ್ರಿಗಳ ಮೇಲೆ ಮತ್ತೆ ಕನಸು ಬಿತ್ತು. ಅದರಲ್ಲಿ ಅವನು ಸತ್ತ ಗೆಳೆಯನ ಬಳಿ ಮಂಡಿಯೂರಿ ಕುಳಿತನು. ಎಚ್ಚರವಾದಾಗ ಭಯವಿರಲಿಲ್ಲ, ದುಃಖವಿತ್ತು.

ಆದರೆ ಗುಣಪಡಿಸುವುದೆಂದರೆ ಮತ್ತೆ ಯುದ್ಧಕ್ಕೆ ಕಳುಹಿಸುವುದೆಂದೇ ಅರ್ಥ. ಯುದ್ಧವನ್ನು ಬಹಿರಂಗವಾಗಿ ಖಂಡಿಸಿ 1917ರಲ್ಲಿ ಅಲ್ಲಿಗೆ ಬಂದ ಕವಿ ಸೀಗ್‌ಫ್ರೀಡ್ ಸಸೂನನನ್ನು ರಿವರ್ಸ್ ಹುಚ್ಚನೆನ್ನಲಿಲ್ಲ. ಆದರೂ ಅದೇ ನವೆಂಬರಿನಲ್ಲಿ ಸಸೂನ್ ಸೇವೆಗೆ ಹಿಂದಿರುಗಿದನು. ಆತ ಉಳಿದುಕೊಂಡನು. ಅದೇ ಆಸ್ಪತ್ರೆಯಲ್ಲಿ ಬೇರೊಬ್ಬ ವೈದ್ಯನಿಂದ ಗುಣ ಹೊಂದಿದ ಕವಿ ವಿಲ್‌ಫ್ರೆಡ್ ಓವೆನ್, 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದು ವಾರವಿರುವಾಗ ಮಡಿದನು. ಸೈನಿಕನ ಸಂಕಟವನ್ನು ಅರಿತುಕೊಳ್ಳುವ ವೈದ್ಯನು ಹೊರಬೇಕಾದ ಭಾರ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.