ಭರಚುಕ್ಕಿಯ ನೀರು, ಹನೂರಿನ ಬಿಸಿಲು

ವೀಕೆಂಡಿಗೆ ಬೆಂಗಳೂರಿನಿಂದ ಕಾರು ಹತ್ತಿ ಶಿವನಸಮುದ್ರಕ್ಕೆ ಬರುವವರಿಗೆ ಎರಡು ಜಲಪಾತ ಗೊತ್ತು. ಮಳವಳ್ಳಿ ಕಡೆ ಗಗನಚುಕ್ಕಿ, ನಮ್ಮ ಕೊಳ್ಳೇಗಾಲದ ಕಡೆ ಭರಚುಕ್ಕಿ. ಫೋಟೊ ತೆಗೆದು, ಮೀನು ತಿಂದು ವಾಪಸ್ ಹೊರಡುವ ಮುಂಚೆ ಆ ನೀರಿನ ಲೆಕ್ಕ ಒಂಚೂರು ಕೇಳಿ. ಇತ್ತೀಚೆಗೆ ನಾನು ಬೆಳಕಿನಿಂದ ನೀರನ್ನು ಒಡೆಯುವ ಪುಡಿಗಳ ಬಗ್ಗೆ ಓದುತ್ತಿದ್ದೇನೆ. ಓದಿದಷ್ಟೂ ಈ ಜಲಪಾತದ ಕತೆಯೇ ತಲೆಯಲ್ಲಿ ಸುತ್ತುತ್ತಿದೆ.

1902ರ ಜೂನ್ 30. ಶಿವನಸಮುದ್ರದಲ್ಲಿ ತಯಾರಾದ ವಿದ್ಯುತ್ ಅಂದು ಹೊರಟಿತು. ಹೋಗಿದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಯೋಜನೆಯ ಬೆನ್ನಿಗೆ ನಿಂತವರು ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೆರ್. ಟರ್ಬೈನು ಸ್ವಿಟ್ಜರ್‌ಲೆಂಡಿನ ಎಶರ್ ವೀಸ್‌ದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ದು. ಅಷ್ಟು ದೂರಕ್ಕೆ ಕರೆಂಟು ಸಾಗಿಸಿದ್ದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವಂಥ ಕೆಲಸ. 1905ರ ಆಗಸ್ಟಿನಲ್ಲಿ ಬೆಂಗಳೂರಿಗೂ ದೀಪ ಬಂತು.

ಪಕ್ಕದಲ್ಲೇ ಇದ್ದ ನಮ್ಮೂರುಗಳ ಕತೆ? ಆಗ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಅದು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು, ಹನೂರು ಅದರೊಳಗೇ. ಯಳಂದೂರು ಮಾತ್ರ ಮೈಸೂರು ಸಂಸ್ಥಾನದಲ್ಲಿದ್ದ, ದಿವಾನ್ ಪೂರ್ಣಯ್ಯನವರಿಗೆ ಸಿಕ್ಕಿದ್ದ ಜಹಗೀರು. ಮೂರೂ ಒಂದೇ ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಚಿನ್ನದ ಗಣಿ ಬೆಳಗಿ ದಶಕಗಳಾದ ಮೇಲೂ ಈ ಸೀಮೆಯ ಹಳ್ಳಿಗಳಲ್ಲಿ ಬುಡ್ಡಿದೀಪವೇ ಗತಿ. ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಕೆಲವು ಊರುಗಳಂತೂ ಈ ಶತಮಾನದಲ್ಲೂ ಲೈನು ಬರಲಿ ಅಂತ ಕಾದು, ಸೋಲಾರ್ ದೀಪದಲ್ಲಿ ಕಾಲ ಹಾಕಿವೆ.

ಈಗ ಪುಡಿಯ ವಿಷಯಕ್ಕೆ ಬರೋಣ.

ನೀರಿಗೆ ಕರೆಂಟು ಹಾಯಿಸಿದರೆ ಜಲಜನಕ, ಆಮ್ಲಜನಕ ಬೇರೆಯಾಗುತ್ತವೆ ಅನ್ನೋದು 1800ರಿಂದಲೇ ಗೊತ್ತು. ನಿಕಲ್ಸನ್ ಮತ್ತು ಕಾರ್ಲೈಲ್ ಇಂಗ್ಲೆಂಡಿನಲ್ಲಿ ಮಾಡಿ ತೋರಿಸಿದ್ದರು. ಕರೆಂಟೇ ಬೇಡ, ಬರೀ ಬೆಳಕು ಸಾಕು ಅಂತ ತೋರಿಸಿದ್ದು ಜಪಾನಿನವರು. 1960ರ ದಶಕದ ಕೊನೆಯಲ್ಲಿ ಟೋಕಿಯೊದಲ್ಲಿ ಅಕಿರಾ ಫುಜಿಶಿಮಾ ಎಂಬ ವಿದ್ಯಾರ್ಥಿ ಟೈಟಾನಿಯಂ ಡೈಆಕ್ಸೈಡಿನ ಹರಳನ್ನು ನೀರಲ್ಲಿಟ್ಟು, ಇನ್ನೊಂದು ತುದಿಗೆ ಪ್ಲಾಟಿನಂ ಜೋಡಿಸಿ ಬೆಳಕು ಬಿಟ್ಟರು. ಎರಡೂ ಕಡೆ ಗುಳ್ಳೆ ಬಂತು. ತಮ್ಮ ಗುರು ಕೆನಿಚಿ ಹೋಂಡಾ ಜೊತೆ ಅವರು ಇದನ್ನು ‘ನೇಚರ್’ ಪತ್ರಿಕೆಯಲ್ಲಿ ಬರೆದದ್ದು 1972ರಲ್ಲಿ. ಮರುವರ್ಷವೇ ತೈಲ ಬಿಕ್ಕಟ್ಟು. ಪೆಟ್ರೋಲಿಗೆ ಕ್ಯೂ ನಿಂತ ಜಗತ್ತಿಗೆ ಬಿಸಿಲಿನಿಂದ ಇಂಧನ ಅಂದರೆ ಕಿವಿ ನೆಟ್ಟಗಾಗದೆ ಇರುತ್ತಾ?

ಟೈಟಾನಿಯಂ ಡೈಆಕ್ಸೈಡ್ ಅಂದರೆ ಅಪರೂಪದ ವಸ್ತು ಏನಲ್ಲ. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿರೋದು ಅದೇ. ಆದರೆ ಅದಕ್ಕೆ ರುಚಿಸುವುದು ಅತಿನೇರಳೆ ಕಿರಣ ಮಾತ್ರ. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು. ಉಳಿದ ಬಿಸಿಲೆಲ್ಲ ವ್ಯರ್ಥ.

ಮುಂದಿನ ಹೆಜ್ಜೆ ಪುಡಿಯದ್ದು. ತಂತಿ, ತಟ್ಟೆ ಯಾಕೆ ಬೇಕು, ಪ್ರತಿ ಕಣವೂ ಒಂದು ಪುಟ್ಟ ಪವರ್ ಹೌಸ್ ಆಗಲಿ ಅನ್ನುವ ಆಲೋಚನೆ. 1978ರಲ್ಲಿ ಅಮೆರಿಕದಲ್ಲಿ ಕ್ರಾಯ್ಟ್ಲರ್ ಮತ್ತು ಬಾರ್ಡ್ ಟೈಟಾನಿಯಂ ಪುಡಿಯ ಮೇಲೆ ಬೆಳಕಿನ ಸಹಾಯದಿಂದಲೇ ಪ್ಲಾಟಿನಂ ಕೂರಿಸಿದರು. ಲೋಹದ ಲವಣ ಕರಗಿಸಿದ ದ್ರಾವಣದಲ್ಲಿ ಪುಡಿ ಕಲಸಿ ಬೆಳಕು ಬಿಟ್ಟರೆ, ಕಣದೊಳಗೆ ಎದ್ದ ಎಲೆಕ್ಟ್ರಾನು ಎಲ್ಲಿ ಹೊರಬರುತ್ತದೋ ಅಲ್ಲೇ ಲೋಹ ಅಂಟಿಕೊಳ್ಳುತ್ತದೆ.

ಇನ್ನೊಂದು ತಾಪತ್ರಯ ಉಳಿದೇ ಇತ್ತು. ಜಲಜನಕ ಹುಟ್ಟಿಸುವುದರಲ್ಲಿ ಚುರುಕಾದ ಲೋಹಗಳು, ಪಕ್ಕದಲ್ಲೇ ಇರುವ ಆಮ್ಲಜನಕದ ಜೊತೆ ಅದನ್ನು ಮತ್ತೆ ಕೂಡಿಸಿ ನೀರು ಮಾಡುವುದರಲ್ಲೂ ಅಷ್ಟೇ ಚುರುಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಇಲ್ಲಿ ಕೈ ಹಿಡಿದದ್ದು ಲೇಪನ. 2006ರಲ್ಲಿ ಕಜುಹಿಕೊ ಮಯೇದಾ, ಕಜುನಾರಿ ಡೊಮೆನ್ ತಂಡ ರೋಡಿಯಂ ಕಣಗಳ ಮೇಲೆ ಸುಮಾರು 2 ನ್ಯಾನೋಮೀಟರ್ ದಪ್ಪದ ಕ್ರೋಮಿಯಂ ಆಕ್ಸೈಡಿನ ಹೊದಿಕೆ ಹಾಕಿತು.

ಕೊಳ್ಳೇಗಾಲದವರಿಗೆ ಹೊದಿಕೆಯ ಮಹತ್ವ ಬಿಡಿಸಿ ಹೇಳಬೇಕಿಲ್ಲ. ನಮ್ಮ ರೇಷ್ಮೆ ಸೀರೆಯ ಅಸಲಿ ಜರಿ ನೋಡಿ: ಒಳಗೆ ರೇಷ್ಮೆ ಎಳೆ, ಅದರ ಸುತ್ತ ಬೆಳ್ಳಿ ತಂತಿ, ಮೇಲೆ ಚಿನ್ನದ ಲೇಪ. ಬೆಲೆಬಾಳುವ ವಸ್ತು ಎಷ್ಟು ಬೇಕೋ ಅಷ್ಟೇ, ಮೇಲ್ಮೈಯಲ್ಲಿ. ಪುಡಿಯಲ್ಲೂ ಲೆಕ್ಕ ಅದೇ, ಆದರೆ ಅಲ್ಲಿನ ಹೊದಿಕೆ ಚೆಂದಕ್ಕಲ್ಲ, ಜರಡಿ ಥರ. ಜಲಜನಕ ಅದರೊಳಗಿಂದ ಹೊರಗೆ ಬರುತ್ತದೆ, ಆಮ್ಲಜನಕ ಒಳಗೆ ನುಗ್ಗಲಾರದು. ಹಾಗಾಗಿ ಮತ್ತೆ ನೀರಾಗುವುದು ನಿಲ್ಲುತ್ತದೆ.

ನಮ್ಮವರೂ ಸುಮ್ಮನೆ ಕೂತಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ತಂಡ 2013ರಲ್ಲಿ ಸತು ಆಕ್ಸೈಡ್, ಪ್ಲಾಟಿನಂ, ಕ್ಯಾಡ್ಮಿಯಂ ಸಲ್ಫೈಡ್ ಒಂದರ ಮೇಲೊಂದು ಕೂರಿಸಿದ ಕಣಗಳಿಂದ ಜಲಜನಕ ತೆಗೆಯಿತು. ಇದು ಕಣ್ಣಿಗೆ ಕಾಣುವ ಬೆಳಕನ್ನೂ ಬಳಸಿಕೊಳ್ಳುತ್ತದೆ. ಆದರೆ ಬರೀ ನೀರು ಸಾಲದು, ಖರ್ಚಾಗಿ ಹೋಗುವ ಬೇರೆ ರಾಸಾಯನಿಕ ಸೇರಿಸುತ್ತಿರಬೇಕು.

ಹಾಗಾದರೆ ಇದು ಎಲ್ಲಿಗೆ ಬಂದು ನಿಂತಿದೆ? 2020ರಲ್ಲಿ ಡೊಮೆನ್ ತಂಡ ಸ್ಟ್ರಾನ್ಷಿಯಂ ಟೈಟನೇಟ್ ಕಣದ ಒಂದು ಮುಖಕ್ಕೆ ರೋಡಿಯಂ–ಕ್ರೋಮಿಯಂ, ಇನ್ನೊಂದು ಮುಖಕ್ಕೆ ಕೋಬಾಲ್ಟ್ ಕೂರಿಸಿ, ಬಿದ್ದ ಅತಿನೇರಳೆ ಬೆಳಕಿನಲ್ಲಿ ಸುಮಾರು 96 ಶೇಕಡಾ ಕೆಲಸಕ್ಕೆ ಹಚ್ಚಿತು. 2021ರಲ್ಲಿ ಇಂಥದೇ ಪುಡಿ ಬಳಿದ 100 ಚದರ ಮೀಟರಿನ ಹಲಗೆಗಳನ್ನು ಬಯಲಿನಲ್ಲಿಟ್ಟು ಪರೀಕ್ಷಿಸಿದರು. ಬಿಸಿಲಿನ ಒಟ್ಟು ಶಕ್ತಿಯಲ್ಲಿ ಜಲಜನಕವಾಗಿದ್ದು ಹೆಚ್ಚೆಂದರೆ 0.76 ಶೇಕಡಾ.

ಅದೇ ಹಲಗೆ ಹನೂರಿನ ಬಯಲಲ್ಲಿ ಇದ್ದರೆ ಅಂತ ನಾನೇ ಲೆಕ್ಕ ಹಾಕಿದೆ. ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಅಂದುಕೊಳ್ಳಿ. ದಿನಕ್ಕೆ ಸಿಗುವ ಜಲಜನಕ ಸುಮಾರು 115 ಗ್ರಾಂ, ಅದಕ್ಕೆ ಬೇಕಾದ ನೀರು ಒಂದು ಲೀಟರ್. ಅಷ್ಟೇ ಜಾಗಕ್ಕೆ ಮಾಮೂಲಿ ಸೋಲಾರ್ ಪ್ಯಾನೆಲ್ ಹಾಕಿ, ಆ ಕರೆಂಟಿನಿಂದ ನೀರು ಒಡೆದರೆ ಒಂದೂವರೆ ಕಿಲೋ ಮೀರುತ್ತದೆ. ಸದ್ಯಕ್ಕೆ ಪ್ಯಾನೆಲ್ಲೇ ಗೆದ್ದಿದೆ. ಪುಡಿ ಗೆಲ್ಲಬೇಕಾದರೆ ಕಾಣುವ ಬೆಳಕನ್ನೂ ಹಿಡಿಯಬೇಕು, ವರ್ಷಗಟ್ಟಲೆ ಬಾಳಬೇಕು, ಪೇಂಟು ಬಳಿದಷ್ಟು ಅಗ್ಗವಾಗಬೇಕು.

ಇವತ್ತಲ್ಲ ನಾಳೆ ಆದೀತು. ಫುಜಿಶಿಮಾ ಗುಳ್ಳೆ ನೋಡಿ ಅರ್ಧ ಶತಮಾನ ಕಳೆದಿದೆ, ಇಂಥ ಕೆಲಸಕ್ಕೆ ಅದೇನು ದೊಡ್ಡದಲ್ಲ. ನನ್ನ ಚಿಂತೆ ಆಮೇಲಿನದ್ದು. ಜಲಪಾತ ಇದ್ದದ್ದು ಒಂದು ಕಡೆ, ದೀಪ ಹತ್ತಿದ್ದು ಇನ್ನೊಂದು ಕಡೆ. ಹನೂರಿನಂಥ ಮಳೆ ಕಮ್ಮಿ ಸೀಮೆಯಲ್ಲಿ ಬಿಸಿಲಿಗೆ ಬರವಿಲ್ಲ, ಜಮೀನೂ ಅಗ್ಗ. ಬಿಸಿಲಿನ ಇಂಧನದ ಕಂಪನಿಗಳು ನಾಳೆ ಹುಡುಕಿಕೊಂಡು ಬರುವುದು ಇಂಥ ಕಡೆಗೇ. ಎಂಜಿನಿಯರೋ, ಹೂಡಿಕೆದಾರರೋ, ವಕೀಲರೋ ಆಗಿ ಅಂಥ ಯೋಜನೆಗಳ ಕಾಗದಕ್ಕೆ ಸಹಿ ಹಾಕುವವರು ಈ ಅಂಕಣ ಓದುವ ನಿಮ್ಮಂಥವರೇ. ಜಮೀನು ಕೊಟ್ಟ ಊರಿಗೆ ಎಷ್ಟು ಪಾಲು, ಮೊದಲ ಸಂಪರ್ಕ ಯಾವ ಹಳ್ಳಿಗೆ ಅನ್ನೋದು ಆ ಕಾಗದದಲ್ಲಿ ಇದೆಯಾ ಅಂತ ಸಹಿಗೆ ಮುಂಚೆ ನೋಡಿ. 1902ರಲ್ಲಿ ಅದನ್ನು ಕೇಳುವವರು ಇರಲಿಲ್ಲ.