ಕರ್ನಾಟಕದ ಕ್ವಿಯರ್ ಅಂತರಜಾಲ ಸಮುದಾಯಗಳು

ಕರ್ನಾಟಕದ ಕ್ವಿಯರ್ ಅಂತರಜಾಲ ಸಮುದಾಯಗಳು ಎಂದರೆ ರಾಜ್ಯದ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಮಿಂಚಂಚೆ, ಜಾಲತಾಣ, ಸಾಮಾಜಿಕ ಮಾಧ್ಯಮ ಮತ್ತು ಮೊಬೈಲ್ ಸಂದೇಶ ಸೇವೆಗಳ ಮೂಲಕ ಕಟ್ಟಿಕೊಂಡಿರುವ ಬಳಗಗಳು. ಪರಸ್ಪರ ನೆರವು, ಕಾನೂನು ಮಾಹಿತಿ ಮತ್ತು ಹಕ್ಕೊತ್ತಾಯ ಇವುಗಳ ಮುಖ್ಯ ಉದ್ದೇಶಗಳಾಗಿವೆ. 1990ರ ದಶಕದಲ್ಲಿ ಬೆಂಗಳೂರಿನ ವಾರದ ಸಭೆಗಳಿಂದ ಆರಂಭವಾದ ಈ ಬಳಗಗಳು ಮೊಬೈಲ್ ಬಳಕೆ ಹೆಚ್ಚಿದಂತೆ ಇತರ ಜಿಲ್ಲೆಗಳಿಗೂ ಹಬ್ಬಿದವು.

ಪದಬಳಕೆ

ಆಂಗ್ಲದಿಂದ ಬಂದ 'ಕ್ವಿಯರ್' ಪದವು ಸಲಿಂಗಪ್ರೇಮಿಗಳು, ದ್ವಿಲಿಂಗಪ್ರೇಮಿಗಳು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳು ಮೊದಲಾದವರನ್ನು ಒಟ್ಟಾಗಿ ಸೂಚಿಸುತ್ತದೆ. ಕನ್ನಡದ ಸಂಘಟನೆಗಳು 'ಲೈಂಗಿಕ ಅಲ್ಪಸಂಖ್ಯಾತರು' ಮತ್ತು 'ಲಿಂಗತ್ವ ಅಲ್ಪಸಂಖ್ಯಾತರು' ಎಂಬ ಪದಗಳನ್ನು ಬಳಸುತ್ತವೆ. ಟ್ರಾನ್ಸ್‌ಜೆಂಡರ್ ಮಹಿಳೆಯರನ್ನು ಕರೆಯಲು 'ಮಂಗಳಮುಖಿ' ಎಂಬ ಪದವೂ ರೂಢಿಯಲ್ಲಿದೆ. ಉತ್ತರ ಕರ್ನಾಟಕದ ಎಲ್ಲಮ್ಮನ ಪರಂಪರೆಗೆ ಸೇರಿದ ಜೋಗಪ್ಪಂದಿರು ತಮ್ಮದೇ ಆಚರಣೆ, ಗುರುಪರಂಪರೆ ಹೊಂದಿದ ಪ್ರತ್ಯೇಕ ಸಮುದಾಯವಾಗಿದ್ದಾರೆ.

ಇತಿಹಾಸ

ಮುಂಬಯಿಯಲ್ಲಿ 1990ರಲ್ಲಿ ಆರಂಭವಾದ 'ಬಾಂಬೆ ದೋಸ್ತ್' ಪತ್ರಿಕೆ, ಅಮೆರಿಕದಲ್ಲಿ 1986ರಲ್ಲಿ ಸ್ಥಾಪನೆಯಾದ 'ತ್ರಿಕೋನ್' ಸಂಘಟನೆ ಮೊದಲಾದವು ದಕ್ಷಿಣ ಏಷ್ಯಾದ ಸಲಿಂಗಪ್ರೇಮಿಗಳ ನಡುವೆ ಆರಂಭಿಕ ಸಂಪರ್ಕವನ್ನು ಬೆಳೆಸಿದವು. ಬೆಂಗಳೂರಿನಲ್ಲಿ 1994ರಲ್ಲಿ 'ಗುಡ್ ಆ್ಯಸ್ ಯೂ' ಎಂಬ ಬೆಂಬಲ ಗುಂಪು ಆರಂಭವಾಯಿತು. ಇದರ ಸದಸ್ಯರು ಪ್ರತಿ ಗುರುವಾರ ಸಂಜೆ ಸೇರುತ್ತಿದ್ದರು. 1999ರಲ್ಲಿ ಸ್ಥಾಪನೆಯಾದ 'ಸಂಗಮ' ಸಂಸ್ಥೆಯು ಲೈಂಗಿಕತೆಗೆ ಸಂಬಂಧಿಸಿದ ಮಾಹಿತಿ ಸಂಗ್ರಹ ಕೇಂದ್ರವಾಗಿ ಆರಂಭಗೊಂಡು, ಕ್ರಮೇಣ ದುಡಿಯುವ ವರ್ಗದ ಲೈಂಗಿಕ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡತೊಡಗಿತು. 'ಸ್ವಭಾವ' ಟ್ರಸ್ಟ್ 'ಸಹಾಯ' ಎಂಬ ದೂರವಾಣಿ ಆಪ್ತಸಲಹೆಯನ್ನು ನಡೆಸಿತು.

ಭಾರತದಲ್ಲಿ ಅಂತರಜಾಲ ಸೇವೆಯು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ದೊರೆಯಿತು. ಬೆಳ್ತಂಗಡಿ ತಾಲ್ಲೂಕಿನ ನಾರಾವಿಯಂತಹ ಗ್ರಾಮದಲ್ಲಿರುವವರಿಗೆ ಬೆಂಗಳೂರಿನ ವಾರದ ಸಭೆಗೆ ಹೋಗಿಬರುವುದು ಕಾರ್ಯಸಾಧ್ಯವಾಗಿರಲಿಲ್ಲ. ಅಂತಹವರಿಗೆ ಮಿಂಚಂಚೆಯ ಗುಂಪುಗಳು ಮತ್ತು ಹರಟೆ ಕೋಣೆಗಳು ಹೆಸರು ಹೇಳದೆ ಮಾತನಾಡುವ ಅವಕಾಶವನ್ನು ನೀಡಿದವು. ಆದರೆ ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಸೈಬರ್ ಕೆಫೆಯನ್ನು ಅವಲಂಬಿಸಬೇಕಿತ್ತು. 2011ರ ಸೈಬರ್ ಕೆಫೆ ನಿಯಮಗಳು ಗ್ರಾಹಕರ ಗುರುತಿನ ದಾಖಲೆ ಪಡೆಯುವುದನ್ನು ಕಡ್ಡಾಯಗೊಳಿಸಿ, ಒಳಗಿನ ಅಡ್ಡತಡಿಕೆಗಳ ಎತ್ತರವನ್ನು ನಾಲ್ಕೂವರೆ ಅಡಿಗೆ ಮಿತಿಗೊಳಿಸಿದವು. ಹೀಗಾಗಿ ತೆರೆಯ ಮೇಲೆ ಅನಾಮಧೇಯನಾಗಿದ್ದ ವ್ಯಕ್ತಿಯ ನಿಜನಾಮ ಕೆಫೆಯ ಪುಸ್ತಕದಲ್ಲಿ ದಾಖಲಾಗುತ್ತಿತ್ತು. 2016ರ ನಂತರ ಮೊಬೈಲ್ ಡೇಟಾ ಅಗ್ಗವಾದಾಗ ಸಂಪರ್ಕವು ಕೆಫೆಯಿಂದ ಕೈಯಲ್ಲಿನ ಫೋನಿಗೆ ಬಂದಿತು.

ಬೆಂಗಳೂರಿನಲ್ಲಿ ಮೊದಲ ಪ್ರೈಡ್ ಮೆರವಣಿಗೆಯು 2008ರ ಜೂನ್ 29ರಂದು ನಡೆಯಿತು. ಅದೇ ದಿನ ದೆಹಲಿ ಮತ್ತು ಕೋಲ್ಕತಾದಲ್ಲಿಯೂ ಮೆರವಣಿಗೆಗಳು ನಡೆದವು.

ಪರಸ್ಪರ ನೆರವು

ಈ ಬಳಗಗಳಲ್ಲಿ ನಡೆಯುವ ನೆರವಿನ ಬಹುಭಾಗ ದಿನನಿತ್ಯದ ಅಗತ್ಯಗಳಿಗೆ ಸಂಬಂಧಿಸಿದ್ದಾಗಿದೆ. ಬಾಡಿಗೆ ಮನೆ ಹುಡುಕುವುದು, ಗೌರವದಿಂದ ನಡೆಸಿಕೊಳ್ಳುವ ವೈದ್ಯರ ಮಾಹಿತಿ ಹಂಚಿಕೊಳ್ಳುವುದು, ಮನೆಯಿಂದ ಹೊರಹಾಕಲ್ಪಟ್ಟವರಿಗೆ ತಾತ್ಕಾಲಿಕ ಆಶ್ರಯ ಒದಗಿಸುವುದು, ಅರ್ಜಿ ತುಂಬಲು ನೆರವಾಗುವುದು ಇವುಗಳಲ್ಲಿ ಪ್ರಮುಖವಾದವು. 2020ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ನಿಯಮಗಳ ಅಡಿ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಲು ಕೇಂದ್ರ ಸರ್ಕಾರವು 2020ರ ನವೆಂಬರ್ 25ರಂದು ರಾಷ್ಟ್ರೀಯ ಪೋರ್ಟಲ್ ಆರಂಭಿಸಿತು. ಪ್ರಮಾಣಪತ್ರವನ್ನು ಜಿಲ್ಲಾ ದಂಡಾಧಿಕಾರಿಗಳು ನೀಡಬೇಕಿತ್ತು. ಹಳೆಯ ದಾಖಲೆಗಳಲ್ಲಿ ಬೇರೆ ಹೆಸರು ಮತ್ತು ಲಿಂಗವಿರುವವರಿಗೆ, ಸ್ಕ್ಯಾನ್ ಮಾಡಲು ಸೌಲಭ್ಯವಿಲ್ಲದವರಿಗೆ ಇಂತಹ ಅರ್ಜಿ ಸಲ್ಲಿಸುವುದು ಸುಲಭವಲ್ಲ.

ಕೋವಿಡ್ ಅವಧಿಯಲ್ಲಿ ಮುಖಾಮುಖಿ ಸಭೆಗಳು ನಿಂತಾಗ ದೂರವಾಣಿ ಮತ್ತು ಸಂದೇಶ ಗುಂಪುಗಳೇ ಸಂಪರ್ಕದ ಮುಖ್ಯ ಮಾರ್ಗವಾದವು. ಆ ವೇಳೆ ಕೇಂದ್ರ ಸರ್ಕಾರವು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ 1,500 ರೂಪಾಯಿಗಳ ಜೀವನಾಧಾರ ನೆರವನ್ನು ಘೋಷಿಸಿತು. ಅದನ್ನು ಪಡೆಯಲು ಬ್ಯಾಂಕ್ ಖಾತೆ ಮತ್ತು ದಾಖಲೆಗಳು ಬೇಕಾಗಿದ್ದವು.

ಮಾನಸಿಕ ಆರೋಗ್ಯದ ಬಗೆಗೂ ಬಳಗಗಳಲ್ಲಿ ಮಾಹಿತಿ ವಿನಿಮಯವಾಗುತ್ತದೆ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯಲ್ಲಿ ಲೈಂಗಿಕ ಒಲವಿನ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ಸಲಿಂಗಪ್ರೇಮವು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯಕೀಯ ಸಂಘವು 2018ರಲ್ಲಿ ಸ್ಪಷ್ಟಪಡಿಸಿತು. ಲೈಂಗಿಕ ಒಲವನ್ನು 'ಬದಲಾಯಿಸುವ' ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿ ದುರ್ನಡತೆ ಎಂದು ಪರಿಗಣಿಸಿತು. ಅದೇ ವರ್ಷ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಪ್ರಧಾನ ಕೇಂದ್ರವಾಗಿರುವ ಟೆಲಿ ಮಾನಸ್ ಸಹಾಯವಾಣಿ (14416) ಸರ್ವರಿಗೂ ಉಚಿತವಾಗಿ ಲಭ್ಯವಿದೆ.

ಹಕ್ಕೊತ್ತಾಯ

ಪಿಯುಸಿಎಲ್ ಕರ್ನಾಟಕ ಘಟಕವು 2001 ಮತ್ತು 2003ರಲ್ಲಿ ಪ್ರಕಟಿಸಿದ ವರದಿಗಳು ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ಹಿಂಸೆ, ಪೊಲೀಸ್ ಕಿರುಕುಳ ಮತ್ತು ಸುಲಿಗೆಯನ್ನು ದಾಖಲಿಸಿದವು. ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದವರಲ್ಲಿ ಕರ್ನಾಟಕದ ಅಕ್ಕೈ ಪದ್ಮಶಾಲಿ ಅವರೂ ಸೇರಿದ್ದರು. 2018ರ ಸೆಪ್ಟೆಂಬರ್ 6ರಂದು ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು.

ಅರ್ಜಿ ನಮೂನೆಯ ಒಂದು ಅಂಕಣವೂ ಹಕ್ಕಿನ ಪ್ರಶ್ನೆಯಾಗಬಲ್ಲದು ಎಂಬುದಕ್ಕೆ ರಾಜ್ಯದ ಪೊಲೀಸ್ ನೇಮಕಾತಿ ಪ್ರಕರಣವು ಉದಾಹರಣೆಯಾಗಿದೆ. ಅಧಿಸೂಚನೆಯಲ್ಲಿ ಪುರುಷ ಮತ್ತು ಮಹಿಳೆ ಎಂಬ ಎರಡೇ ವರ್ಗಗಳಿದ್ದುದನ್ನು 'ಸಂಗಮ' ಸಂಸ್ಥೆಯು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಇದರ ಪರಿಣಾಮವಾಗಿ ರಾಜ್ಯ ಸರ್ಕಾರವು 2021ರಲ್ಲಿ ನೇಮಕಾತಿ ನಿಯಮಗಳಿಗೆ ತಿದ್ದುಪಡಿ ತಂದು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಶೇ. 1ರಷ್ಟು ಸಮತಲ ಮೀಸಲಾತಿ ನೀಡಿತು. ಇಂತಹ ಮೀಸಲಾತಿ ನೀಡಿದ ಮೊದಲ ರಾಜ್ಯ ಕರ್ನಾಟಕವಾಗಿದೆ.

ಖಾಸಗಿತನ ಮತ್ತು ಸುರಕ್ಷತೆ

ವ್ಯಕ್ತಿಯೊಬ್ಬರ ಗುರುತನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದರಿಂದ ಮನೆ, ಉದ್ಯೋಗ ಅಥವಾ ವ್ಯಾಸಂಗಕ್ಕೆ ಕುತ್ತು ಬರಬಹುದು. ಆದುದರಿಂದ ಖಾಸಗಿತನವು ಈ ಬಳಗಗಳ ಮೂಲ ನಿಯಮವಾಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿ, ಲೈಂಗಿಕ ಒಲವು ಅದರ ಅವಿಭಾಜ್ಯ ಅಂಗವೆಂದು ಹೇಳಿತು.

ವಾಟ್ಸ್‌ಆ್ಯಪ್ 2016ರಿಂದ ಎಲ್ಲ ಸಂದೇಶಗಳನ್ನು ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಆದರೆ ಗುಂಪಿನ ಸದಸ್ಯರಿಗೆ ಪರಸ್ಪರರ ದೂರವಾಣಿ ಸಂಖ್ಯೆ ಕಾಣಬಹುದು. ಟೆಲಿಗ್ರಾಮ್‌ನಲ್ಲಿ ಸಂಖ್ಯೆಯನ್ನು ಮರೆಮಾಡಬಹುದಾದರೂ ಸಾಮಾನ್ಯ ಸಂಭಾಷಣೆಗಳಿಗೆ ಅಂತಹ ಪೂರ್ಣ ಗೂಢಲಿಪೀಕರಣವಿಲ್ಲ. ತೆರೆಯ ಚಿತ್ರ ತೆಗೆದು ಹಂಚುವುದನ್ನು, ಅಥವಾ ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಾಗ ಸಂದೇಶ ಇತರರ ಕಣ್ಣಿಗೆ ಬೀಳುವುದನ್ನು ಗೂಢಲಿಪಿ ತಡೆಯಲಾರದು.

ಡೇಟಿಂಗ್ ಆ್ಯಪ್‌ಗಳಲ್ಲಿ ಸುಳ್ಳು ಹೆಸರಿನಿಂದ ಪರಿಚಯಿಸಿಕೊಂಡು, ಚಿತ್ರಗಳನ್ನು ಮನೆಯವರಿಗೆ ಕಳುಹಿಸುವುದಾಗಿ ಬೆದರಿಸಿ ಹಣ ಕೀಳುವುದು ಗಂಭೀರ ಸಮಸ್ಯೆಯಾಗಿದೆ. ಬೆದರಿಸಿ ಹಣ ಪಡೆಯುವುದು ಸುಲಿಗೆಯ ಅಪರಾಧವಾಗಿದ್ದು, ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದು ಅಥವಾ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಡಿ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಅರ್ಹವಾದ ಅಪರಾಧವಾಗಿದೆ. ಸೈಬರ್ ಆರ್ಥಿಕ ವಂಚನೆಯ ದೂರುಗಳಿಗೆ 1930 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ. ದೂರು ನೀಡಿದರೆ ತಮ್ಮ ಗುರುತು ಬಯಲಾಗಬಹುದೆಂಬ ಭಯವೇ ಅನೇಕರನ್ನು ತಡೆಯುತ್ತದೆ. ಸಂದೇಶಗಳನ್ನು ಅಳಿಸದೆ ಸಾಕ್ಷ್ಯವಾಗಿ ಉಳಿಸಿಕೊಳ್ಳುವುದು ದೂರಿಗೆ ನೆರವಾಗುತ್ತದೆ.

ಭಾಷೆ ಮತ್ತು ದಾಖಲೀಕರಣ

ಬೆಂಗಳೂರಿನ ಆರಂಭಿಕ ಮಿಂಚಂಚೆ ಗುಂಪುಗಳ ವ್ಯವಹಾರ ಹೆಚ್ಚಾಗಿ ಆಂಗ್ಲದಲ್ಲಿತ್ತು. ಇದರಿಂದ ಕನ್ನಡ ಮಾತ್ರ ಬಲ್ಲವರು ಹೊರಗುಳಿದರು. ಧ್ವನಿ ಸಂದೇಶದ ಸೌಲಭ್ಯವು ಓದುಬರಹ ಬಾರದವರಿಗೂ ಗುಂಪಿನಲ್ಲಿ ಮಾತನಾಡುವ ಅವಕಾಶ ನೀಡಿತು. ಬೆಂಗಳೂರಿನ ಸಮುದಾಯ ಬಾನುಲಿ ಕೇಂದ್ರ 'ರೇಡಿಯೋ ಆ್ಯಕ್ಟಿವ್' ಟ್ರಾನ್ಸ್‌ಜೆಂಡರ್ ನಿರೂಪಕಿಯ ಕಾರ್ಯಕ್ರಮಗಳನ್ನು ಪ್ರಸಾರ ಮಾಡಿತು. 2017ರಲ್ಲಿ ಆರಂಭವಾದ 'ಕಮ್ರಾ' ಸಂಗ್ರಹಾಗಾರವು ಸಮುದಾಯದ ಚಿತ್ರ, ಪತ್ರ ಮತ್ತು ದೃಶ್ಯಗಳನ್ನು ಸಂರಕ್ಷಿಸುತ್ತಿದೆ.

ಇವನ್ನೂ ನೋಡಿ

ಭಾರತೀಯ ದಂಡ ಸಂಹಿತೆಯ 377ನೇ ಕಲಮು
ಅಕ್ಕೈ ಪದ್ಮಶಾಲಿ
ಮಂಜಮ್ಮ ಜೋಗತಿ
ಖಾಸಗಿತನದ ಹಕ್ಕು