ತೆಂಗಿನಕಾಯಿ ಸ್ಟಿಕರ್ ಉಳಿದಿದೆ, ಪಕ್ಷ ಉಳಿದಿಲ್ಲ

ಹೊಳೆಹೊನ್ನೂರಿನ ನಮ್ಮ ಹಿಂದಿನ ಬೀದಿಯ ಹಿರಿಯರೊಬ್ಬರ ಮನೆಗೆ ಮೊನ್ನೆ ಹೋಗಿದ್ದೆ. ಬೀರುವಿನ ಬಾಗಿಲಿನ ಒಳಬದಿಯಲ್ಲಿ ತೆಂಗಿನಕಾಯಿ ಚಿತ್ರದ ಸ್ಟಿಕರ್ ಇನ್ನೂ ಅಂಟಿಕೊಂಡಿದೆ. 2013ರಲ್ಲಿ ಕೆಜೆಪಿಗಾಗಿ ಮನೆಮನೆ ತಿರುಗಿದವರು ಅವರು. "ಪಕ್ಷ ಕಟ್ಟೋವಾಗ ನಮ್ಮನ್ನ ಕರೆದ್ರು ತಮ್ಮಾ. ಮುಚ್ಚೋವಾಗ ಟಿವಿ ನೋಡಿ ಗೊತ್ತಾಯ್ತು" ಅಂದರು.

ಆ ಮಾತು ಹಿಡಿದು ಹಿಂದಕ್ಕೆ ಹೋದರೆ ನಮ್ಮ ಜಿಲ್ಲೆಯದ್ದೇ ಒಂದು ಕಥೆ ಸಿಗುತ್ತದೆ. ಕರ್ನಾಟಕದ್ದೇ ಪಕ್ಷ, ಎಡವೂ ಅಲ್ಲ ಬಲವೂ ಅಲ್ಲ, ಎಲ್ಲರದ್ದೂ ಅಂತ ಹೇಳಿಕೊಂಡ ಪಕ್ಷಗಳಿಗೆ ಶಿವಮೊಗ್ಗದ ನಾಯಕರೇ ಮತ್ತೆ ಮತ್ತೆ ಮುಂದಾಳುಗಳಾದರು.

ಮೊದಲನೆಯದು ಕ್ರಾಂತಿರಂಗ. ಇಂದಿರಾ ಗಾಂಧಿ ಜೊತೆ ಮುರಿದುಕೊಂಡ ದೇವರಾಜ ಅರಸು ಕಟ್ಟಿದ ಪಕ್ಷ ಅದು. 1982ರ ಜೂನ್‌ನಲ್ಲಿ ಅರಸು ತೀರಿಕೊಂಡರು. ಆಮೇಲೆ ಮುಂದಾಳತ್ವ ಸೊರಬದ ಎಸ್. ಬಂಗಾರಪ್ಪನವರ ಕೈಗೆ ಬಂತು. 1983ರ ಚುನಾವಣೆಯಲ್ಲಿ ಜನತಾ ಪಕ್ಷ ಮತ್ತು ಕ್ರಾಂತಿರಂಗ ಒಟ್ಟಾಗಿ 95 ಸೀಟು ಗೆದ್ದವು. ರಾಜ್ಯದಲ್ಲಿ ಮೊದಲ ಬಾರಿ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆದರೆ ಮುಖ್ಯಮಂತ್ರಿಯಾದದ್ದು ರಾಮಕೃಷ್ಣ ಹೆಗಡೆ. ಬಂಗಾರಪ್ಪ ಕೊನೆಗೆ ಕಾಂಗ್ರೆಸ್‌ಗೆ ಮರಳಿದರು, ಕೆಲವರು ಜನತಾದಲ್ಲೇ ಉಳಿದರು. ಕ್ರಾಂತಿರಂಗದ ಹೆಸರು ಕರಗಿಹೋಯಿತು.

ಎರಡನೆಯದು ಕೆಸಿಪಿ, ಅಂದರೆ ಕರ್ನಾಟಕ ಕಾಂಗ್ರೆಸ್ ಪಕ್ಷ. ಬಂಗಾರಪ್ಪ 1990ರ ಅಕ್ಟೋಬರ್‌ನಿಂದ 1992ರ ನವೆಂಬರ್‌ವರೆಗೆ ಮುಖ್ಯಮಂತ್ರಿ. ಆಶ್ರಯ ಮನೆ, ಆರಾಧನಾ ಯೋಜನೆ, ರೈತರ ಪಂಪ್‌ಸೆಟ್‌ಗೆ ಉಚಿತ ಕರೆಂಟು, ಹಳ್ಳಿ ಹುಡುಗರಿಗೆ ಕೃಪಾಂಕ. ನಮ್ಮ ಕಡೆ ಹಿರಿಯರು ಇವತ್ತಿಗೂ ಇದನ್ನು ನೆನೆಯುತ್ತಾರೆ. ಕುರ್ಚಿ ಹೋದ ಮೇಲೆ ಅವರು ಸ್ವಂತ ಪಕ್ಷ ಕಟ್ಟಿ 1994ರಲ್ಲಿ 10 ಸೀಟು ಗೆದ್ದರು. 1989ರಲ್ಲಿ 178 ಸೀಟು ಗೆದ್ದಿದ್ದ ಕಾಂಗ್ರೆಸ್ ಆ ಸಲ 34ಕ್ಕೆ ಇಳಿಯಿತು.

1996ರಲ್ಲಿ ಕೆಸಿಪಿಯಿಂದಲೇ ಶಿವಮೊಗ್ಗದ ಎಂಪಿಯಾದರು. 1998ರಲ್ಲಿ ಕರ್ನಾಟಕ ವಿಕಾಸ ಪಕ್ಷದಿಂದ ನಿಂತು ಬಿಜೆಪಿಯ ಆಯನೂರು ಮಂಜುನಾಥ್ ಎದುರು ಸೋತರು. 1999ರಲ್ಲಿ ಮತ್ತೆ ಕಾಂಗ್ರೆಸ್‌ನಿಂದ ಗೆದ್ದರು. ಮೂರು ವರ್ಷ, ಮೂರು ಪಕ್ಷ. ಪ್ರತಿ ಸಲವೂ ಊರಿನ ಕಾರ್ಯಕರ್ತ ಅಜ್ಜಿಯರಿಗೆ ಹೊಸ ಗುರುತು ಹೇಳಿಕೊಡಬೇಕಾಯಿತು.

ಮೂರನೆಯದು ಕರ್ನಾಟಕ ಜನತಾ ಪಕ್ಷ. 2012ರ ಡಿಸೆಂಬರ್‌ನಲ್ಲಿ ಹಾವೇರಿಯ ಸಮಾವೇಶದಲ್ಲಿ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಅದರ ನಾಯಕತ್ವ ವಹಿಸಿದರು. 2013ರಲ್ಲಿ ನೂರಕ್ಕೆ ಸುಮಾರು ಹತ್ತು ಮತ ಬಂತು. ಆದರೆ 224ರಲ್ಲಿ ಗೆದ್ದದ್ದು 6 ಸೀಟು ಮಾತ್ರ. ಶಿವಮೊಗ್ಗ ನಗರದಲ್ಲಿ ಕೆಜೆಪಿ ಸೋತದ್ದು ಬರೀ 278 ಮತಗಳಿಂದ. ಬಿಜೆಪಿಗೆ ಬಿದ್ದ ಪೆಟ್ಟು ದೊಡ್ಡದು: ರಾಜ್ಯದಲ್ಲಿ 110ರಿಂದ 40ಕ್ಕೆ ಇಳಿಯಿತು, ನಮ್ಮ ಜಿಲ್ಲೆಯ ಏಳರಲ್ಲಿ ಒಂದೂ ದಕ್ಕಲಿಲ್ಲ. 2014ರ ಜನವರಿಯಲ್ಲಿ ಯಡಿಯೂರಪ್ಪ ಬಿಜೆಪಿಗೆ ಮರಳಿದರು. ಅದೇ ವರ್ಷ ಬಿಜೆಪಿಯಿಂದ ಶಿವಮೊಗ್ಗದ ಎಂಪಿಯಾದರು.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಸಣ್ಣ ಪಕ್ಷಕ್ಕೆ ತಾನು ಗೆಲ್ಲುವ ಶಕ್ತಿ ಕಡಿಮೆ, ದೊಡ್ಡ ಪಕ್ಷವನ್ನು ಸೋಲಿಸುವ ಶಕ್ತಿ ಜಾಸ್ತಿ. ನಮ್ಮ ಚುನಾವಣೆಯಲ್ಲಿ ಕ್ಷೇತ್ರದಲ್ಲಿ ಮೊದಲು ಬಂದವನಿಗೆ ಮಾತ್ರ ಸೀಟು. ಎರಡನೇ ಸ್ಥಾನದ ಮತಕ್ಕೆ ಬೆಲೆಯಿಲ್ಲ. ಹಾಗಾಗಿ ಮತ ಪೂರ್ತಿ ವ್ಯರ್ಥವೂ ಅಲ್ಲ, ಪಕ್ಷಕ್ಕೆ ಅಧಿಕಾರವೂ ಇಲ್ಲ. ಆ ಪೆಟ್ಟಿನ ಬೆಲೆ ಸಿಗುವುದು ನಾಯಕನಿಗೆ. "ನೀನಿಲ್ಲದೆ ಆಗಲ್ಲ, ವಾಪಸ್ ಬಾ" ಅಂತ ಹಳೆ ಮನೆಯವರೇ ಬಾಗಿಲು ತೆಗೆಯುತ್ತಾರೆ.

ಕಾನೂನೂ ಹಾಗೇ ಇದೆ. ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ವಿಲೀನ ಒಪ್ಪಬೇಕಾದವರು ಶಾಸಕರಲ್ಲಿ ಮೂರನೇ ಎರಡು ಭಾಗ. ಬೂತಿನಲ್ಲಿ ಕೂತವನ ಒಪ್ಪಿಗೆ ಆ ಲೆಕ್ಕದಲ್ಲಿ ಇಲ್ಲ.

ಇದಕ್ಕೆ ಹೊರತಾದದ್ದು ಜೆಡಿಎಸ್. 1999ರಲ್ಲಿ ಜನತಾದಳ ಒಡೆದಾಗ ಹುಟ್ಟಿದ್ದು ಇನ್ನೂ ಇದೆ. ಹಾಸನ, ಮಂಡ್ಯದ ಹಳ್ಳಿಗಳಲ್ಲಿ ಬೇರು ಬಿಟ್ಟದ್ದೇ ಅದಕ್ಕೆ ಕಾರಣ. ಅಲ್ಲೂ ಎಲ್ಲ ನಿಂತಿರುವುದು ಒಂದೇ ಮನೆತನದ ಮೇಲೆ ಅನ್ನುವುದು ಬೇರೆ ಮಾತು.

ನಮ್ಮೂರಿನಿಂದ ಸ್ವಲ್ಪ ದೂರದ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಸೇರುತ್ತವೆ. ಮುಂದೆ ಹರಿಯುವ ಹೊಳೆಗೆ ಇಬ್ಬರ ಹೆಸರೂ ಇದೆ. ಪಕ್ಷಗಳ ಸಂಗಮ ಹಾಗಲ್ಲ. ಒಂದರ ಹೆಸರೇ ಇರುವುದಿಲ್ಲ.

ನಾಯಕರು ವಾಪಸ್ ಹೋದಾಗ ಅವರಿಗೆ ಟಿಕೆಟ್ ಸಿಕ್ಕಿತು. ಆದರೆ 2013ರಲ್ಲಿ ಹಳೆ ಪಕ್ಷದ ಗೆಳೆಯರ ಜೊತೆ ಜಗಳವಾಡಿ, ಮಾತು ಬಿಟ್ಟವರು? ನಮ್ಮ ಹಿರಿಯರು ಪಕ್ಕದ ಮನೆಯವರ ಜೊತೆ ಮಾತು ಶುರು ಮಾಡಲು ಎರಡು ಯುಗಾದಿ ಬೇಕಾಯಿತಂತೆ.

ನಾಳೆ ಇನ್ನೊಂದು ಹೊಸ ಬಾವುಟ ಊರಿಗೆ ಬರಬಹುದು. ಬರಲಿ, ತಪ್ಪಿಲ್ಲ. ಹೆಗಲಿಗೆ ಶಾಲು ಹಾಕಿಸಿಕೊಳ್ಳುವ ಮೊದಲು ಒಂದು ಮಾತು ಕೇಳಿ: "ಮುಚ್ಚೋ ದಿನ ನಮ್ಮನ್ನ ಕೇಳ್ತೀರಾ?" ಸ್ಟಿಕರ್ ಯಾಕೆ ತೆಗೆದಿಲ್ಲ ಅಂತ ಕೇಳಿದ್ದಕ್ಕೆ ಆ ಹಿರಿಯರು ಅಂದದ್ದು, "ನಾನು ದುಡಿದದ್ದು ಸುಳ್ಳಲ್ವಲ್ಲ ತಮ್ಮಾ."